ಹಳೇ ಲಿಥಿಯಂ ಬ್ಯಾಟ್ರಿ ಪುಡಿಯಿಂದ ಹೊಸದಕ್ಕಿಂತ ಒಳ್ಳೇ ಮಾಲು ಆಗುತ್ತಾ? ರಾಣೆಬೆನ್ನೂರಿನ ಓದುಗರಿಗೆ ಉತ್ತರ

ಪ್ರಶ್ನೆ: "ನಮ್ದು ರಾಣೆಬೆನ್ನೂರಾಗ ಬ್ಯಾಟ್ರಿ ಎಕ್ಸ್‌ಚೇಂಜ್ ಅಂಗಡಿ ಐತ್ರಿ ಸರ್, ಅಪ್ಪನ ಕಾಲದಿಂದ ಸೀಸದ ಬ್ಯಾಟ್ರಿ ತಗೊಳ್ಳೋದು ಕೊಡೋದು ಮಾಡ್ಕೊಂತ ಬಂದೀವಿ. ಈಗ ಇ-ಸ್ಕೂಟರ್, ಇ-ಆಟೋ, ಇನ್ವರ್ಟರ್, ಸೋಲಾರ್ ಲೈಟಿಂದು ಲಿಥಿಯಂ ಪ್ಯಾಕ್ ಬರಾಕ ಹತ್ಯಾವ, ಹಿಂದಿನ ಶೆಡ್ಡಿನಾಗ ಸುಮಾರು ಅರ್ಧ ಟನ್ ಕೂಡ್ಯಾವ. ಬೆಂಗಳೂರಿಂದ ಬರೋ ಗುಜರಿಯವರು ಎಲ್ಲಾದಕ್ಕೂ ಒಂದ ರೇಟ್ ಹಚ್ಚಿ ಕೆಜಿ ಲೆಕ್ಕದಾಗ ಕೇಳ್ತಾರ. ವಾಟ್ಸಾಪಿನಾಗ ವಿಡಿಯೋ ಬಂತ್ರಿ, ಹಳೇ ಬ್ಯಾಟ್ರಿ ಒಳಗಿನ ಕರಿ ಪುಡಿ ತಗದು ಹೊಸದಕ್ಕಿಂತ ಚಲೋ ಮಾಲ್ ಮಾಡ್ತಾರಂತ. ಇನ್ನೊಂದ್ರಾಗ ಏನೋ ಲಿಕ್ವಿಡ್ ಇಂಜೆಕ್ಷನ್ ಕೊಟ್ರ ಸತ್ತ ಬ್ಯಾಟ್ರಿ ಎದ್ದು ಕೂಡ್ತೈತಂತ. ಮಗಳು ಎಂ.ಎಸ್ಸಿ ಕೆಮಿಸ್ಟ್ರಿ ಓದಾಕ ಹತ್ಯಾಳ, ಆಸಿಡಿನಾಗ ಹಾಕಿ ಕೋಬಾಲ್ಟ್ ನಿಕ್ಕಲ್ ತಗೀಬಹುದು ಅಂತಾಳ. ಹತ್ತು ಹನ್ನೆರಡು ಲಕ್ಷ ಹಾಕಿ ಶೆಡ್ಡಿನಾಗ ಶುರು ಮಾಡಬಹುದಾ? ಇದು ಖರೇನೋ, ಬರೀ ಗಾಳಿ ಸುದ್ದಿನೋ?"

ಉತ್ತರ:

ನಮಸ್ಕಾರ ಸರ್. ನೀವು ಕೇಳಿದ್ದು ಎರಡು ವಿಷಯ, ಹಳೇ ಪುಡಿಯಿಂದ ಹೊಸದಕ್ಕಿಂತ ಒಳ್ಳೇದು ಆಗುತ್ತಾ ಮತ್ತೆ ಅದನ್ನ ಶೆಡ್ಡಲ್ಲಿ ಮಾಡಬಹುದಾ ಅಂತ. ಮೊದಲನೇದಕ್ಕೆ ಹೌದು, ಆಗುತ್ತೆ. ಎರಡನೇದಕ್ಕೆ ಬೇಡ, ದಯವಿಟ್ಟು ಬೇಡ. ಆದ್ರೆ ಮೂರನೇದು ಒಂದಿದೆ, ನೀವು ಅದನ್ನ ಪ್ರಶ್ನೆ ಅಂತ ಕೇಳಿಲ್ಲ, ಸುಮ್ನೆ ಹೇಳ್ಕೊಂಡು ಹೋಗಿದೀರಿ: ಎಲ್ಲಾ ಪ್ಯಾಕಿಗೂ ಒಂದೇ ರೇಟು. ನಿಮ್ಮ ದುಡ್ಡು ಸಿಕ್ಕಾಕೊಂಡಿರೋದು ಅಲ್ಲೇ. ನಾನು ಕ್ಯಾಥೋಡ್ ಪುಡಿ (ಬ್ಯಾಟ್ರಿಯ ಪ್ಲಸ್ ಕಡೆಯ ಹಾಳೆಗೆ ಬಳಿಯೋ ಕಪ್ಪು ಪುಡಿ) ಮಾಡೋ, ಹಳೇ ಪುಡಿ ರಿಪೇರಿ ಮಾಡೋ ಲ್ಯಾಬ್ ಕೆಲಸದಲ್ಲೇ ಇರೋನು, ಸ್ವಲ್ಪ ಉದ್ದ ಆದ್ರೂ ಬುಡದಿಂದ ಹೇಳ್ತೀನಿ, ಯಾಕಂದ್ರೆ ಒಳಗೆ ಏನಿದೆ ಅಂತ ಗೊತ್ತಾದ್ರೆ ಚೌಕಾಸಿ ನೀವೇ ಮಾಡ್ತೀರಿ.

ಸೀಸದ ಬ್ಯಾಟ್ರಿ ಯಾವ ಕಂಪನಿದಾದ್ರೂ ಒಳಗೆ ಸೀಸಾನೇ, ಅದಕ್ಕೆ ತೂಕದ ರೇಟು ನ್ಯಾಯವಾಗೇ ಇದೆ. ಲಿಥಿಯಂ ಹಾಗಲ್ಲ. ಒಂದು ಸೆಲ್ ಬಿಚ್ಚಿದ್ರೆ (ನೀವು ಬಿಚ್ಚಬೇಡಿ, ಯಾಕೆ ಅಂತ ಮುಂದೆ ಹೇಳ್ತೀನಿ) ಉದ್ದಕ್ಕೆ ಸುತ್ತಿರೋ ಎರಡು ಹಾಳೆ ಸಿಗುತ್ತೆ, ತಾಮ್ರದ ಫಾಯಿಲ್ ಮೇಲೆ ಗ್ರಾಫೈಟ್ ಬಳಿದಿರ್ತಾರೆ, ಅಲ್ಯೂಮಿನಿಯಂ ಫಾಯಿಲ್ ಮೇಲೆ ಕ್ಯಾಥೋಡ್ ಪುಡಿ ಬಳಿದಿರ್ತಾರೆ, ನಡುವೆ ತೆಳ್ಳಗಿನ ಪ್ಲಾಸ್ಟಿಕ್ ಪೊರೆ. ಎರಡೂ ಪುಡಿ ಕಣ್ಣಿಗೆ ಕಪ್ಪೇ. ಆದ್ರೆ ಬೆಲೆ ಇರೋದು ಹೆಚ್ಚಾಗಿ ಅಲ್ಯೂಮಿನಿಯಂ ಕಡೆಯ ಕಪ್ಪಿಗೆ, ಮತ್ತೆ ಆ ಕಪ್ಪಲ್ಲೇ ನಾಲ್ಕೈದು ಜಾತಿ ಇದೆ. ಮೊಬೈಲ್, ಲ್ಯಾಪ್‌ಟಾಪ್ ಬ್ಯಾಟ್ರಿಯಲ್ಲಿ ಸಾಮಾನ್ಯವಾಗಿ ಎಲ್‌ಸಿಒ, ಅಂದ್ರೆ ಲಿಥಿಯಂ ಕೋಬಾಲ್ಟ್ ಆಕ್ಸೈಡ್, ಆ ಪುಡಿ ತೂಕದಲ್ಲಿ ಸುಮಾರು 60% ಕೋಬಾಲ್ಟೇ. ಬಹಳಷ್ಟು ಸ್ಕೂಟರಲ್ಲಿ, ಎಷ್ಟೋ ಕಾರಲ್ಲಿ ಬರೋದು ಎನ್‌ಎಂಸಿ, ನಿಕ್ಕಲ್ ಮ್ಯಾಂಗನೀಸ್ ಕೋಬಾಲ್ಟ್ ಮಿಕ್ಸು, ಗ್ರೇಡಿನ ಮೂರು ಅಂಕಿ ಅಂದ್ರೆ ಇದೇ ಕ್ರಮದಲ್ಲಿ ಈ ಮೂರರ ಪಾಲು. ಹಳೇ 111 ಅನ್ನೋ ಗ್ರೇಡಲ್ಲಿ ಕೋಬಾಲ್ಟ್ 20%, 622ರಲ್ಲಿ 12%, ಈಗಿನ 811ರಲ್ಲಿ ಬರೀ 6%, ನಿಕ್ಕಲ್ ಮಾತ್ರ ಏರ್ತಾ ಹೋಗಿ ಅರ್ಧದ ಹತ್ರ ಬರುತ್ತೆ. ಇನ್ನು ಇ-ಆಟೋ, ಬಸ್ಸು, ಸೋಲಾರ್, ಇನ್ವರ್ಟರ್ ಪ್ಯಾಕಲ್ಲಿ ಜಾಸ್ತಿ ಕಾಣೋದು ಎಲ್‌ಎಫ್‌ಪಿ, ಅಂದ್ರೆ ಲಿಥಿಯಂ ಐರನ್ ಫಾಸ್ಫೇಟ್, ಅದರಲ್ಲಿ ಕೋಬಾಲ್ಟೂ ಇಲ್ಲ ನಿಕ್ಕಲ್ಲೂ ಇಲ್ಲ, ಕಬ್ಬಿಣ, ರಂಜಕ, ಸುಮಾರು 4.4% ಲಿಥಿಯಂ ಅಷ್ಟೇ. ಈ ಎಲ್‌ಎಫ್‌ಪಿಯನ್ನ ಜಗತ್ತಿಗೆ ತೋರಿಸಿದ 1997ರ ಪೇಪರ್ ಟೆಕ್ಸಾಸ್‌ನಿಂದ ಬಂದಿದ್ದು, ಪಾಧಿ, ನಂಜುಂಡಸ್ವಾಮಿ, ಗುಡೆನಫ್ ಅನ್ನೋ ಮೂರು ಹೆಸರು ಮುಖ್ಯವಾಗಿ ಹೇಳ್ತಾರೆ, ಗುಡೆನಫ್ ಅವರಿಗೆ 2019ರಲ್ಲಿ ನೊಬೆಲ್ ಬಂತು. ನಂಜುಂಡಸ್ವಾಮಿ ಅನ್ನೋ ಹೆಸರು ಅಲ್ಲಿ ಕಂಡಾಗೆಲ್ಲ ನಂಗೆ ಖುಷಿ ಆಗುತ್ತೆ.

ಈಗ ಬ್ಯಾಟ್ರಿ ಯಾಕೆ ಸೋಲುತ್ತೆ ಅನ್ನೋದು. ಲೋಹ ಎಲ್ಲೂ ಹೋಗಿರಲ್ಲ, ಇದು ಮುಖ್ಯ. ನಿಕ್ಕಲ್, ಕೋಬಾಲ್ಟ್ ಎಲ್ಲ ಹೆಚ್ಚುಕಮ್ಮಿ ಅಲ್ಲೇ ಕೂತಿರುತ್ತೆ. ಕಳೆದುಹೋಗೋದು ಓಡಾಡೋ ಲಿಥಿಯಂ. ಪ್ರತಿ ಸಲ ಚಾರ್ಜ್ ಮಾಡಿದಾಗ ಲಿಥಿಯಂ ಕ್ಯಾಥೋಡಿಂದ ಗ್ರಾಫೈಟ್ ಕಡೆ ಹೋಗಿ ಬರುತ್ತಲ್ಲ, ಅದರಲ್ಲಿ ಚೂರುಚೂರು ಗ್ರಾಫೈಟ್ ಮೇಲಿನ ಪದರದಲ್ಲಿ ಸಿಕ್ಕಾಕೊಂಡು ವಾಪಸ್ ಬರಲ್ಲ. ಎಲ್‌ಎಫ್‌ಪಿಯಲ್ಲಿ ಬಹುಪಾಲು ಇದೇ ಕಥೆ, ಪುಡಿಯ ಹರಳಿನ ಚೌಕಟ್ಟು ಗಟ್ಟಿಯಾಗೇ ಇರುತ್ತೆ, ಅಲ್ಲಲ್ಲಿ ಲಿಥಿಯಂ ಕೂರಬೇಕಾದ ಜಾಗದಲ್ಲಿ ಕಬ್ಬಿಣ ಬಂದು ಕೂತಿರುತ್ತೆ ಅಷ್ಟೇ. ಎನ್‌ಎಂಸಿ ಕಥೆ ಸ್ವಲ್ಪ ಕಷ್ಟ. ಮೈಕ್ರೋಸ್ಕೋಪಲ್ಲಿ ಹೊಸ ಎನ್‌ಎಂಸಿ ನೋಡಿದ್ರೆ ಹತ್ತು ಮೈಕ್ರಾನ್ ಆಸುಪಾಸಿನ ದುಂಡನೆ ಉಂಡೆಗಳು, ಒಂದೊಂದು ಉಂಡೆಯೂ ನೂರಾರು ಸಣ್ಣ ಹರಳು ಅಂಟಿಕೊಂಡು ಆಗಿರೋದು. ವರ್ಷಗಟ್ಟಲೆ ಓಡಿದ ಸೆಲ್ಲಿನ ಪುಡಿ ನೋಡಿದ್ರೆ ಆ ಉಂಡೆಗಳಲ್ಲಿ ನಡುವಿಂದ ಹೊರಗಿನ ತನಕ ಬಿರುಕು, ಕೆಲವಂತೂ ಹೋಳಾಗಿಹೋಗಿರುತ್ತೆ, ಯಾಕಂದ್ರೆ ಚಾರ್ಜ್ ಆದಾಗೆಲ್ಲ ಒಳಗಿನ ಹರಳು ಹಿಗ್ಗಿ ಕುಗ್ಗಿ, ಒಂದೊಂದು ಒಂದೊಂದು ದಿಕ್ಕಿಗೆ ಎಳೆದು, ಕೊನೆಗೆ ಅಂಟು ಬಿಡುತ್ತೆ. ಜೊತೆಗೆ ಹೊರಮೈಯಲ್ಲಿ ನಿಕ್ಕಲ್ ಅಣು ಲಿಥಿಯಂ ಜಾಗಕ್ಕೆ ಜಾರಿ ಕೂರುತ್ತೆ, ಎರಡರ ಗಾತ್ರ ಹತ್ತಿರ ಹತ್ತಿರ ಇರೋದ್ರಿಂದ ಹೀಗಾಗೋದು, ಆಮೇಲೆ ಲಿಥಿಯಂ ಓಡಾಡೋ ದಾರಿನೇ ಮುಚ್ಚಿಹೋಗುತ್ತೆ.

ಇಲ್ಲಿಂದ ರೀಸೈಕ್ಲಿಂಗ್ ಮೂರು ದಾರಿ ಹಿಡಿಯುತ್ತೆ. ಒಂದು ಕುಲುಮೆ, 1400 ಡಿಗ್ರಿ ಮೇಲೆ ಕರಗಿಸಿ ನಿಕ್ಕಲ್ ಕೋಬಾಲ್ಟ್ ತಾಮ್ರದ ಮಿಶ್ರಲೋಹ ತಗೊಳ್ಳೋದು, ಲಿಥಿಯಂ ಅಲ್ಯೂಮಿನಿಯಂ ಎರಡೂ ಕಿಟ್ಟಕ್ಕೆ ಹೋಗುತ್ತೆ. ಎರಡು ಆಸಿಡ್ ದಾರಿ, ನಿಮ್ಮ ಮಗಳು ಹೇಳಿದ್ದು ಇದೇ: ಸೆಲ್ ಅರೆದು ಬಂದ ಕಪ್ಪು ಪುಡಿ, ಅದಕ್ಕೆ ಬ್ಲ್ಯಾಕ್ ಮಾಸ್ ಅಂತಾರೆ, ಅದನ್ನ ಸಲ್ಫ್ಯೂರಿಕ್ ಆಸಿಡ್ ಮತ್ತು ಹೈಡ್ರೋಜನ್ ಪೆರಾಕ್ಸೈಡಲ್ಲಿ ಕರಗಿಸಿ ಒಂದೊಂದೇ ಲೋಹ ಬೇರೆ ಮಾಡೋದು. ಈಗ ಪ್ರಪಂಚದಲ್ಲಿ ಜಾಸ್ತಿ ನಡೀತಿರೋದು ಇವೆರಡೇ, ಕೆಲಸಾನೂ ಮಾಡುತ್ತೆ. ಆದ್ರೆ ಎರಡರಲ್ಲೂ ಆ ಹರಳನ್ನ ಪೂರ್ತಿ ನಾಶ ಮಾಡಿ ಲೋಹ ತಗೊಂಡು, ಮತ್ತೆ ಅದೇ ಲೋಹದಿಂದ 700-950 ಡಿಗ್ರಿ ಬೆಂಕಿಯಲ್ಲಿ ಗಂಟೆಗಟ್ಟಲೆ ಕೂರಿಸಿ ಅದೇ ಹರಳು ಕಟ್ಟೋದು. ಹಳೇ ತೊಟ್ಟಿ ಮನೆ ಕೆಡವಿ ತೇಗದ ಕಂಬಾನೆಲ್ಲ ಸೌದೆ ಲೆಕ್ಕದಲ್ಲಿ ಮಾರಿದ ಹಾಗೆ. ಎಲ್‌ಎಫ್‌ಪಿಗಂತೂ ಇದು ಲೆಕ್ಕಕ್ಕೆ ಕೂರೋದು ಕಷ್ಟ, ಕರಗಿಸಿದ ಮೇಲೆ ಚೂರು ಲಿಥಿಯಂ ಬಿಟ್ರೆ ಉಳಿಯೋದು ಕಬ್ಬಿಣ ಮತ್ತು ರಂಜಕ, ಅದಕ್ಕೆ ಯಾರು ಕಾಸು ಕೊಡ್ತಾರೆ? ಅದರ ಬೆಲೆ ಹೆಚ್ಚಾಗಿ ಇರೋದು ಹರಳಲ್ಲಿ, ಲೋಹದಲ್ಲಿ ಅಲ್ಲ.

ಮೂರನೇ ದಾರಿ ನೀವು ವಿಡಿಯೋದಲ್ಲಿ ನೋಡಿದ್ದು, ಹರಳನ್ನ ಹಾಗೇ ಉಳಿಸ್ಕೊಂಡು ರಿಪೇರಿ ಮಾಡೋದು, ಡೈರೆಕ್ಟ್ ರೀಸೈಕ್ಲಿಂಗ್ ಅಂತಾರೆ. ಅಮೆರಿಕದಲ್ಲಿ ಸರ್ಕಾರವೇ 2019ರಲ್ಲಿ ಆರ್ಗಾನ್ ನ್ಯಾಷನಲ್ ಲ್ಯಾಬ್ ನೇತೃತ್ವದಲ್ಲಿ ರೀಸೆಲ್ ಅಂತ ಒಂದು ಸೆಂಟರ್ ಇದಕ್ಕಾಗಿ ಶುರು ಮಾಡ್ತು. ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯಲ್ಲಿ ಜೆಂಗ್ ಚೆನ್ ಅವರ ತಂಡ 2020ರಲ್ಲಿ ತೋರಿಸಿದ್ದು ನೋಡಿ: ಸೋತ ಎಲ್‌ಎಫ್‌ಪಿ ಪುಡಿಯನ್ನ ಲಿಥಿಯಂ ಉಪ್ಪು ಮತ್ತು ಸಿಟ್ರಿಕ್ ಆಸಿಡ್ (ಹೌದು, ನಿಂಬೆಹಣ್ಣಲ್ಲಿ ಇರೋದೇ) ಇರೋ ನೀರಲ್ಲಿ ಸುಮಾರು 80 ಡಿಗ್ರಿಯಲ್ಲಿ ಇಟ್ಟು, ತೊಳೆದು, ಆಮೇಲೆ ಸ್ವಲ್ಪ ಹೊತ್ತು ಕಾಯಿಸಿದ್ರೆ ಕಳ್ಕೊಂಡ ಲಿಥಿಯಂ ವಾಪಸ್ ಬಂದು ಕೂರುತ್ತೆ, ಜಾಗ ತಪ್ಪಿ ಕೂತಿದ್ದ ಕಬ್ಬಿಣಾನೂ ತನ್ನ ಜಾಗಕ್ಕೆ ಹೋಗುತ್ತೆ. ಆಗಿನ ಬೇರೆ ವಿಧಾನಗಳಿಗಿಂತ 80-90% ಕಡಿಮೆ ಎನರ್ಜಿ ಸಾಕು ಅಂತ ಅವರ ಲೆಕ್ಕ. ಎನ್‌ಎಂಸಿಗೆ ಇದೇ ಕೆಲಸ ಒತ್ತಡದ ಪಾತ್ರೆಯಲ್ಲಿ 220 ಡಿಗ್ರಿ ಲಿಥಿಯಂ ಹೈಡ್ರಾಕ್ಸೈಡಲ್ಲಿ ಮಾಡಿ, ಆಮೇಲೆ ಆಕ್ಸಿಜನ್‌ನಲ್ಲಿ ಕಾಯಿಸಬೇಕು.

ಇಷ್ಟು ರಿಪೇರಿ ಆಯ್ತು. "ಹೊಸದಕ್ಕಿಂತ ಒಳ್ಳೇದು" ಅನ್ನೋದು ಎಲ್ಲಿಂದ ಬಂತು ಅಂದ್ರೆ, ರಿಪೇರಿ ಮಾಡೋವಾಗಲೇ ಪುಡಿಯನ್ನ ಬದಲಾಯಿಸಬಹುದು. ಹತ್ತು ವರ್ಷದ ಹಿಂದಿನ ಕಾರಿನ 111 ಪುಡಿ ಈಗ ವಾಪಸ್ ಬರ್ತಿದೆ, ಅದನ್ನ 111 ಆಗೇ ರಿಪೇರಿ ಮಾಡಿದ್ರೆ ಕೊಳ್ಳೋರು ಕಮ್ಮಿ, ಎಲ್ಲರೂ ನಿಕ್ಕಲ್ ಜಾಸ್ತಿ ಇರೋದನ್ನ ಕೇಳೋದು. ಹಾಗಾಗಿ ನಿಕ್ಕಲ್ ಉಪ್ಪು ಲಿಥಿಯಂ ಉಪ್ಪು ಸೇರಿಸಿ ಕಾಯಿಸಿದಾಗ ನಿಕ್ಕಲ್ ಒಳಗೆ ಇಳಿದು 111 ಹೋಗಿ 622 ಆಗುತ್ತೆ. ಇನ್ನೊಂದು, ಆ ಬಿರುಕು ಬಿಟ್ಟ ಉಂಡೆ ಇದೆಯಲ್ಲ, ಅದನ್ನ ಕರಗಿದ ಲಿಥಿಯಂ ಉಪ್ಪಲ್ಲಿ ಬೇಯಿಸಿ ಒಂಟಿ ಹರಳು ಬೆಳೆಸಬಹುದು, ಒಂದೇ ಹರಳು ಆದಮೇಲೆ ನಡುವೆ ಅಂಟು ಬಿಡೋ ಜಾಗವೇ ಇರಲ್ಲ, ಬಿರುಕೂ ಕಮ್ಮಿ. ಮುಪ್ಪಿಂದ ಆಗಿದ್ದ ಬಿರುಕೇ ಇಲ್ಲಿ ಸಹಾಯ ಮಾಡುತ್ತೆ, ಉಂಡೆ ಆಗಲೇ ಒಡೆದಿರೋದ್ರಿಂದ ಸಣ್ಣ ಹರಳು ಬಿಡಿಸಿಕೊಳ್ಳೋದು ಸುಲಭ. ನಂಗೆ ಈ ಕೆಲಸದಲ್ಲಿ ಅತಿ ಇಷ್ಟವಾಗೋದು ಇದೇ.

"ರೀಸೈಕಲ್ ಅಂದ್ರೆ ಸೆಕೆಂಡ್ ಕ್ವಾಲಿಟಿ" ಅನ್ನೋ ಮಾತಿಗೂ ಉತ್ತರ ಇದೆ. ವೂಸ್ಟರ್ ಪಾಲಿಟೆಕ್ನಿಕ್‌ನ ಯಾನ್ ವಾಂಗ್ ತಂಡ 2021ರಲ್ಲಿ ರೀಸೈಕಲ್ ಮಾಡಿದ 111 ಪುಡಿಯಿಂದ ಸೆಲ್ ಮಾಡಿ ಕಂಪನಿಯ ಹೊಸ ಪುಡಿ ಜೊತೆ ಓಡಿಸಿದ್ರು, 80% ಕೆಪಾಸಿಟಿಗೆ ಇಳಿಯೋಕೆ ರೀಸೈಕಲ್ ಪುಡಿ 4,200 ಸೈಕಲ್ ತಗೊಳ್ತು, ಹೊಸದಕ್ಕಿಂತ 33% ಜಾಸ್ತಿ. ಕಾರಣ, ಅವರ ಪುಡಿಯ ಉಂಡೆ ಒಳಗೆ ಸ್ವಲ್ಪ ಟೊಳ್ಳು, ಹಿಗ್ಗೋಕೆ ಕುಗ್ಗೋಕೆ ಜಾಗ ಇತ್ತು, ಬಿರುಕು ಕಮ್ಮಿ ಆಯ್ತು. ಆದ್ರೆ ಇದನ್ನ ಅವರು ಮಾಡಿದ್ದು ಆಸಿಡ್ ದಾರಿಯಲ್ಲೇ, ಕರಗಿಸಿ ಮತ್ತೆ ಕಟ್ಟಿ. ಹಾಗಾಗಿ ಆಸಿಡ್ ಅಂದ ತಕ್ಷಣ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ, ಅದನ್ನ ಎಲ್ಲಿ, ಯಾರು, ಯಾವ ವ್ಯವಸ್ಥೆಯಲ್ಲಿ ಮಾಡ್ತಾರೆ ಅನ್ನೋದೇ ಪ್ರಶ್ನೆ.

ಇಂಜೆಕ್ಷನ್ ವಿಡಿಯೋ ಬಗ್ಗೆ. ಅದರ ಹಿಂದೆ ಒಂದು ನಿಜವಾದ ಕೆಲಸ ಇದೆ, ಶಾಂಘೈನ ಫುಡಾನ್ ಯೂನಿವರ್ಸಿಟಿಯವರು 2025ರಲ್ಲಿ ಪ್ರಕಟಿಸಿದ್ದು, ಒಂದು ವಿಶೇಷ ಲಿಥಿಯಂ ಉಪ್ಪನ್ನ ಸೆಲ್ ಒಳಗೆ ಹಾಕಿ ಚಾರ್ಜ್ ಮಾಡಿದ್ರೆ ಲಿಥಿಯಂ ಒಳಗೆ ಉಳಿದು ಮಿಕ್ಕಿದ್ದು ಗ್ಯಾಸ್ ಆಗಿ ಹೊರಗೆ ಹೋಗುತ್ತೆ. ಆದ್ರೆ ಆ ಗ್ಯಾಸ್ ಹೊರಗೆ ಬಿಡೋಕೆ ಸೆಲ್ಲಲ್ಲಿ ದಾರಿ ಇರಬೇಕು. ನಿಮ್ಮ ಶೆಡ್ಡಲ್ಲಿ ಇರೋ ವೆಲ್ಡ್ ಮಾಡಿ ಮುಚ್ಚಿದ ಸೆಲ್ಲಿಗೆ ಸೂಜಿ ಚುಚ್ಚೋದು ಅಂದ್ರೆ ಬೆಂಕಿ ಕರೆದ ಹಾಗೇನೇ. ಸೀಸದ ಬ್ಯಾಟ್ರಿಗೆ ಡಿಸಲ್ಫೇಶನ್ ಚಾರ್ಜರ್ ಹಾಕ್ತೀವಲ್ಲ, ಆ ಪಲ್ಸ್ ಆಟಾನೂ ಇಲ್ಲಿ ನಡಿಯಲ್ಲ, ಇದರಲ್ಲಿ ಸಲ್ಫೇಟೇ ಇಲ್ಲ. ಪೂರ್ತಿ ಸೊನ್ನೆ ವೋಲ್ಟಿಗೆ ಬಿದ್ದ ಸೆಲ್ಲನ್ನ ಕಿಕ್ ಕೊಟ್ಟು ಎಬ್ಬಿಸೋ ಹುಡುಗರು ಇದ್ದಾರೆ, ಅದು ಬಹಳ ಅಪಾಯ, ಅಷ್ಟು ಕೆಳಗೆ ಹೋದಾಗ ತಾಮ್ರದ ಫಾಯಿಲ್ ಕರಗಿರುತ್ತೆ, ಮತ್ತೆ ಚಾರ್ಜ್ ಮಾಡಿದಾಗ ಆ ತಾಮ್ರ ಎಲ್ಲೆಲ್ಲೋ ಕೂತು ಒಳಗೇ ಶಾರ್ಟ್ ಆಗುತ್ತೆ, ಇವತ್ತಲ್ಲದಿದ್ರೆ ಆರು ತಿಂಗಳಿಗೆ ಯಾರದ್ದೋ ಮನೆ ಹಜಾರದಲ್ಲಿ.

ಈಗ ನಿಮ್ಮ ಶೆಡ್ಡಿನ ಆಸಿಡ್ ತೊಟ್ಟಿ. ಮಗಳು ಹೇಳಿದ ಕೆಮಿಸ್ಟ್ರಿ ಸರಿಯಾಗಿದೆ, ಅದರಲ್ಲಿ ತಪ್ಪೇನಿಲ್ಲ. ತೊಂದರೆ ಇರೋದು ಅದರ ಮುಂಚೆ ಮತ್ತು ಆಮೇಲೆ. ಮುಂಚೆ, ಸೆಲ್ ಒಡೆಯೋದು: ಚಾರ್ಜ್ ಉಳಿದಿದ್ರೆ ಹೊತ್ತುತ್ತೆ, ಮತ್ತೆ ಒಳಗಿನ ಎಲೆಕ್ಟ್ರೋಲೈಟ್ (ಲಿಥಿಯಂ ಓಡಾಡೋ ದ್ರವ) ಉಪ್ಪಿಗೆ ಗಾಳಿಯ ತೇವ ತಾಗಿದ್ರೂ ಸಾಕು ಹೈಡ್ರೋಫ್ಲೋರಿಕ್ ಆಸಿಡ್ ಹುಟ್ಟುತ್ತೆ. ಇದು ನಿಮ್ಮ ಸೀಸದ ಬ್ಯಾಟ್ರಿ ಆಸಿಡ್ ತರ ಬಟ್ಟೆಗೆ ತೂತು ಮಾಡಿ ಬಿಡೋದಲ್ಲ, ಚರ್ಮದ ಒಳಗೆ ಇಳಿದು ಮೂಳೆ ತನಕ ಹೋಗುತ್ತೆ, ಕೆಲವೊಮ್ಮೆ ತಕ್ಷಣ ನೋವೂ ಗೊತ್ತಾಗಲ್ಲ. ಕಂಪನಿಗಳು ನೈಟ್ರೋಜನ್ ತುಂಬಿದ ಮುಚ್ಚಿದ ಮಷಿನ್‌ನಲ್ಲಿ ಅರೆಯೋದು, ಇಲ್ಲಾ ನೀರಿನ ಕೆಳಗೆ ಅರೆಯೋದು ಸುಮ್ನೆ ಅಲ್ಲ. ಆಮೇಲಿನ ತೊಂದರೆ ಕೊಳಕು ನೀರು. ಒಂದು ಕೆಜಿ ಎನ್‌ಎಂಸಿ ಪುಡಿ ಕರಗಿಸಿ ಕಾಸ್ಟಿಕ್ ಸೋಡಾ, ವಾಷಿಂಗ್ ಸೋಡಾ ಹಾಕಿ ಲೋಹ ಇಳಿಸೋ ಹೊತ್ತಿಗೆ ಸುಮಾರು ಎರಡು ಕೆಜಿ ಸೋಡಿಯಂ ಸಲ್ಫೇಟ್ ಉಪ್ಪು ನೀರಲ್ಲಿ ಉಳಿಯುತ್ತೆ, ಜೊತೆಗೆ ಚೂರು ನಿಕ್ಕಲ್, ಚೂರು ಫ್ಲೋರೈಡ್. ಅದನ್ನ ಎಲ್ಲಿಗೆ ಬಿಡ್ತೀರಿ? ಚರಂಡಿಗೆ ಬಿಟ್ರೆ ಹಳ್ಳ, ಹಳ್ಳದಿಂದ ಹೊಳೆ, ಇಲ್ಲಾಂದ್ರೆ ಪಕ್ಕದ ಹೊಲದ ಬೋರ್‌ವೆಲ್. ತುಂಗಭದ್ರೆ ದಡದವರಿಗೆ ಫ್ಯಾಕ್ಟರಿ ನೀರು ಅಂದ್ರೆ ಏನು ಅಂತ ನಾನು ಹೇಳಿಕೊಡಬೇಕಾಗಿಲ್ಲ. ನಿಕ್ಕಲ್ ಸಲ್ಫೇಟ್ ಧೂಳು ಉಸಿರಲ್ಲಿ ಹೋದ್ರೆ ಕ್ಯಾನ್ಸರ್ ತರೋ ವಸ್ತು, ಕೋಬಾಲ್ಟ್ ಧೂಳು ಶ್ವಾಸಕೋಶಕ್ಕೆ ಆಗಲ್ಲ, ಮತ್ತೆ ಆ ತೊಟ್ಟಿ ಹತ್ರ ನಿಂತಿರೋರು ನಿಮ್ಮ ಮಗಳು.

ದುಡ್ಡಿನ ಲೆಕ್ಕಾನೂ ಕೂರಲ್ಲ. ಕೇಂದ್ರ ಸರ್ಕಾರದ ಸಿ-ಮೆಟ್ ಸಂಸ್ಥೆಯ ಆಸಿಡ್ ಟೆಕ್ನಾಲಜಿಯನ್ನ 2023ರಲ್ಲಿ 9 ಕಂಪನಿಗಳಿಗೆ ಕೊಟ್ರು, ಅದರಲ್ಲಿ 95%ಗಿಂತ ಜಾಸ್ತಿ ಲಿಥಿಯಂ, ಕೋಬಾಲ್ಟ್, ಮ್ಯಾಂಗನೀಸ್, ನಿಕ್ಕಲ್ ಸಿಗುತ್ತೆ, ಸುಮಾರು 98% ಶುದ್ಧವಾಗಿ. ಒಳ್ಳೇ ಕೆಲಸ ಅದು. ಆದ್ರೆ ಬ್ಯಾಟ್ರಿ ಗ್ರೇಡ್ ಲಿಥಿಯಂ ಕಾರ್ಬೊನೇಟ್ ಅಂದ್ರೆ 99.5%, ಆ ಕೊನೇ ಒಂದೂವರೆ ಪರ್ಸೆಂಟಲ್ಲೇ ನಿಜವಾದ ಖರ್ಚು ಇರೋದು. ಶೆಡ್ಡಲ್ಲಿ ಮಾಡಿದ್ದಕ್ಕೆ ಬರೋದು ಕೊಳಕು ಉಪ್ಪಿನ ರೇಟು. ಮೇಲಾಗಿ ಲಿಥಿಯಂ ಬೆಲೆ 2022ರ ಕೊನೆಯಲ್ಲಿ ಆಕಾಶಕ್ಕೆ ಹೋಗಿದ್ದು ಮುಂದಿನ ಎರಡು ವರ್ಷದಲ್ಲಿ 80%ಗೂ ಜಾಸ್ತಿ ಬಿತ್ತು, ದೊಡ್ಡ ದೊಡ್ಡವರೇ ಅಲ್ಲಾಡಿಹೋದ್ರು.

ಡೈರೆಕ್ಟ್ ದಾರಿ, ಆ ನಿಂಬೆ ಹುಳಿಯ ದಾರಿ, ಕೇಳೋಕೆ ಸೌಮ್ಯ ಅನ್ನಿಸುತ್ತೆ, ಅದನ್ನಾದ್ರೂ ಮಾಡೋಣ ಅನ್ನಿಸಬಹುದು. ಅದರ ಕಷ್ಟ ಬೇರೆ ತರ. ಒಳಗೆ ಹೋಗೋ ಪುಡಿ ಒಂದೇ ಜಾತಿ ಇರಬೇಕು, ಎನ್‌ಎಂಸಿ ಎಲ್‌ಎಫ್‌ಪಿ ಕಲೆತುಹೋದ್ರೆ ಯಾವ ಹುಳಿಯೂ ಬಿಡಿಸಲ್ಲ. ತಾಮ್ರ ಚೂರು ಉಳಿದಿದ್ರೂ ಹೊಸ ಸೆಲ್ಲಲ್ಲಿ ಶಾರ್ಟ್. ಮತ್ತೆ ಸೆಲ್ ಕಂಪನಿಯವರು ಹೊಸ ಪುಡಿ ಒಪ್ಪಿಕೊಳ್ಳೋಕೆ ತಿಂಗಳುಗಟ್ಟಲೆ ಟೆಸ್ಟ್ ಮಾಡ್ತಾರೆ, ಪ್ರತಿ ಲಾಟೂ ಒಂದೇ ತರ ಇರಬೇಕು ಅಂತಾರೆ. ಅದಕ್ಕೇ ಈ ವಿದ್ಯೆ ಮೊದಲು ಬಳಕೆಗೆ ಬರೋದು ಸೆಲ್ ಫ್ಯಾಕ್ಟರಿಯ ತನ್ನದೇ ಕಟಿಂಗ್ ವೇಸ್ಟಿಗೆ, ಯಾಕಂದ್ರೆ ಅದು ಯಾವ ಜಾತಿ ಅಂತ ಅವರಿಗೇ ಗೊತ್ತು.

ಹಾಗಾದ್ರೆ ನೋಡಿ, ಈ ಇಡೀ ವಿದ್ಯೆ ನಿಂತಿರೋದು "ಇದು ಯಾವ ಪುಡಿ" ಅನ್ನೋ ಒಂದು ಮಾಹಿತಿ ಮೇಲೆ. ಆ ಮಾಹಿತಿ ಕಳೆದುಹೋಗೋದು ಎಲ್ಲಿ? ನಿಮ್ಮಂಥ ಶೆಡ್ಡಲ್ಲಿ, ಎಲ್ಲಾನೂ ಒಂದೇ ಗೋಣಿಚೀಲಕ್ಕೆ ತುಂಬಿ ತೂಕಕ್ಕೆ ಹಾಕಿದಾಗ. ಲೇಬಲ್ ಕಿತ್ತುಹೋದ ಪ್ಯಾಕ್ ಮುಂದೆ ಅರೆಯೋ ಮಷಿನ್‌ಗೆ ಬಿಟ್ಟು ಬೇರೆಲ್ಲೂ ಹೋಗೋಕಾಗಲ್ಲ. ಒಂದು 3 ಕಿಲೋವ್ಯಾಟ್ ಅವರ್ ಸ್ಕೂಟರ್ ಪ್ಯಾಕ್ ತಗೊಳ್ಳಿ, 622 ಆಗಿದ್ರೆ ಒಳಗೆ ಸುಮಾರು 5 ಕೆಜಿ ಕ್ಯಾಥೋಡ್ ಪುಡಿ, ಅದರಲ್ಲಿ ನಿಕ್ಕಲ್ಲೇ 1.8 ಕೆಜಿ, ಕೋಬಾಲ್ಟ್ 600 ಗ್ರಾಂ, ಲಿಥಿಯಂ 350 ಗ್ರಾಂ ಹತ್ರ. ಅಷ್ಟೇ ಶಕ್ತಿಯ ಎಲ್‌ಎಫ್‌ಪಿ ಪ್ಯಾಕಲ್ಲಿ 6 ಕೆಜಿ ಪುಡಿ, ಲಿಥಿಯಂ ಕಾಲು ಕೆಜಿ ಚಿಲ್ಲರೆ, ನಿಕ್ಕಲ್ ಕೋಬಾಲ್ಟ್ ಸೊನ್ನೆ. ಎರಡಕ್ಕೂ ಒಂದೇ ರೇಟು ಹಾಕಿದ್ರೆ ವ್ಯತ್ಯಾಸ ಯಾರ ಜೇಬಿಗೆ ಹೋಗುತ್ತೆ ಅಂತ ನಿಮಗೇ ಗೊತ್ತಾಗುತ್ತೆ.

ಹಾಗಾಗಿ ನಾನು ನಿಮ್ಮ ಜಾಗದಲ್ಲಿ ಇದ್ದಿದ್ರೆ ಬಂಡವಾಳವನ್ನ ಆಸಿಡ್ ಮೇಲೆ ಹಾಕ್ತಿರ್ಲಿಲ್ಲ, ವಿಂಗಡಣೆ ಮೇಲೆ ಹಾಕ್ತಿದ್ದೆ. ಪ್ಯಾಕ್ ಬಂದ ದಿನವೇ ಲೇಬಲ್ ಫೋಟೋ, ಯಾವ ಗಾಡಿದು, ಯಾವ ವರ್ಷದ್ದು, ಮೇಲೆ ಮಾರ್ಕರಲ್ಲಿ ಬರೆದು ಬೇರೆ ಬೇರೆ ರ‍್ಯಾಕು. ಲೇಬಲ್ ಇಲ್ದಿದ್ರೆ ಸೆಲ್ ವೋಲ್ಟೇಜ್ ಸುಳಿವು ಕೊಡುತ್ತೆ: ಸೆಲ್ಲಿಗೆ 3.2 ಅಂತ ಬರೆದಿದ್ರೆ ಎಲ್‌ಎಫ್‌ಪಿ, 3.6 ಅಥವಾ 3.7 ಅಂತಿದ್ರೆ ಎನ್‌ಎಂಸಿ ಇಲ್ಲಾ ಎಲ್‌ಸಿಒ ಕಡೆಯದು. ರ‍್ಯಾಕ್ ಕಬ್ಬಿಣದ್ದಿರಲಿ, ಮರದ್ದು ಬೇಡ. ಶೆಡ್ ಅಂಗಡಿಗೆ ಮನೆಗೆ ಅಂಟಿಕೊಂಡಿರಬಾರದು, ಮಳೆ ನೀರು ಬೀಳಬಾರದು, ತಗಡಿನ ಕೆಳಗೆ ಬಿಸಿಲಿಗೆ ಕಾಯಬಾರದು. ಟರ್ಮಿನಲ್ಲಿಗೆ ಟೇಪ್ ಸುತ್ತಿ. ಊದಿಕೊಂಡಿರೋದು, ಸೀಳಿರೋದು, ನೀರಲ್ಲಿ ಬಿದ್ದಿದ್ದು ಇವನ್ನ ಒಣ ಮರಳು ತುಂಬಿದ ಕಬ್ಬಿಣದ ಡ್ರಮ್ಮಿಗೆ ಹಾಕಿ ಹೊರಗಿಡಿ, ಮುಚ್ಚಳ ಬಿಗಿ ಮಾಡಬೇಡಿ. ಚಾರ್ಜ್ ಇಳಿಸೋಕೆ ಅಂತ ಉಪ್ಪುನೀರಿನ ಡ್ರಮ್ಮಿಗೆ ಪ್ಯಾಕ್ ಮುಳುಗಿಸೋದು ಬಹಳ ಕಡೆ ನೋಡಿದೀನಿ, ಟರ್ಮಿನಲ್ ತಿಂದುಹೋಗಿ ಎಲೆಕ್ಟ್ರೋಲೈಟ್ ಸೋರುತ್ತೆ, ಹೈಡ್ರೋಜನ್ ಬರುತ್ತೆ, ಆ ನೀರೂ ವಿಷ, ಮತ್ತೆ ಒಳಗಿನ ಪುಡಿ ಡೈರೆಕ್ಟ್ ದಾರಿಗೆ ಹಾಳು.

ಇದರ ಮೇಲೆ ಒಂದು ಹೆಜ್ಜೆ ಹೋಗಬೇಕು ಅಂದ್ರೆ ರಿಫರ್ಬಿಶಿಂಗ್ ಇದೆ, ಅಂದ್ರೆ 70-80% ಉಳಿದಿರೋ ಪ್ಯಾಕ್ ಟೆಸ್ಟ್ ಮಾಡಿ ಸೋಲಾರ್ ಲೈಟಿಗೋ ಇನ್ವರ್ಟರಿಗೋ ಹೊಂದಿಸಿ ಕೊಡೋದು. ಲಾಭ ಇದೆ, ಎಲ್‌ಎಫ್‌ಪಿಗೆ ವಿಶೇಷವಾಗಿ ಸರಿಹೋಗುತ್ತೆ. ಆದ್ರೆ ಬೇರೆ ಬೇರೆ ವಯಸ್ಸಿನ ಸೆಲ್ ಒಂದೇ ಪ್ಯಾಕಿಗೆ ಸೇರಿಸಿದ್ರೆ ದುರ್ಬಲವಾದ ಸೆಲ್ಲೇ ಮೊದಲು ಬಿಸಿಯಾಗುತ್ತೆ, ಒಳ್ಳೇ ಬಿಎಂಎಸ್ (ಪ್ರತಿ ಸೆಲ್ಲನ್ನ ಕಾವಲು ಕಾಯೋ ಸರ್ಕ್ಯೂಟ್) ಇಲ್ದೆ, ಒಂದೊಂದು ಸೆಲ್ಲಿನ ಕೆಪಾಸಿಟಿ ಮತ್ತು ಇಂಟರ್ನಲ್ ರೆಸಿಸ್ಟೆನ್ಸ್ ಅಳೆಯದೆ ಮಾಡಬಾರದು, ಏನಾದ್ರೂ ಆದ್ರೆ ಜವಾಬ್ದಾರಿ ನಿಮ್ಮದೇ. ಮತ್ತೆ 2022ರ ಬ್ಯಾಟ್ರಿ ತ್ಯಾಜ್ಯ ನಿಯಮದ ಪ್ರಕಾರ ರಿಫರ್ಬಿಶ್ ಮಾಡೋರು, ರೀಸೈಕಲ್ ಮಾಡೋರು ಇಬ್ಬರೂ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ರಿಜಿಸ್ಟರ್ ಆಗಿರಬೇಕು. ಈ ನಿಯಮ ನಿಮಗೆ ತೊಡಕು ಅನ್ನೋದಕ್ಕಿಂತ ಕೈಗೆ ಸಿಕ್ಕ ಹಿಡಿ ಅಂತ ತಿಳ್ಕೊಳ್ಳಿ: ತಯಾರಕರು ತಾವು ಮಾರಿದ ಬ್ಯಾಟ್ರಿ ವಾಪಸ್ ತರಿಸಲೇಬೇಕು, 2027-28ರಿಂದ ಹೊಸ ಇವಿ ಬ್ಯಾಟ್ರಿಯಲ್ಲಿ 5% ರೀಸೈಕಲ್ ಮಾಲು ಇರಲೇಬೇಕು, 2030-31ಕ್ಕೆ ಅದು 20%. ನಮ್ಮ ಮಂಡ್ಯದ ಮರ್ಲಗಲ್ಲದಲ್ಲಿ ಲಿಥಿಯಂ ಸಿಕ್ಕಿದೆ ಅಂತ ದೊಡ್ಡ ಸುದ್ದಿ ಆಯ್ತು, ಆಮೇಲೆ ಅಂದಾಜು 1,600 ಟನ್‌ಗೆ ಇಳಿದು ಕೂತಿದೆ, ಅದು ಇನ್ನೂ ನೆಲದ ಒಳಗಿದೆ. ನಿಮ್ಮ ಹತ್ರ ಇರೋದು ಮೇಲೇ ಇದೆ.

ಮಾರೋವಾಗ ರಿಜಿಸ್ಟರ್ ಆಗಿರೋ ರೀಸೈಕ್ಲರ್ ಇಬ್ಬರು ಮೂವರ ಹತ್ರ ಜಾತಿವಾರು ರೇಟ್ ಕೇಳಿ, ಎನ್‌ಎಂಸಿಗೆ ಎಷ್ಟು, ಎಲ್‌ಎಫ್‌ಪಿಗೆ ಎಷ್ಟು, ಮೊಬೈಲ್ ಬ್ಯಾಟ್ರಿಗೆ ಎಷ್ಟು ಅಂತ, ರೇಟು ನಿಕ್ಕಲ್ ಕೋಬಾಲ್ಟ್ ಮಾರುಕಟ್ಟೆ ಜೊತೆ ಹೇಗೆ ಏರಿಳಿಯುತ್ತೆ ಅಂತಾನೂ ಬರೆಸ್ಕೊಳ್ಳಿ. ಎಲ್‌ಎಫ್‌ಪಿಗೆ ಕಮ್ಮಿ ಹೇಳ್ತಾರೆ, ಅದು ಸದ್ಯಕ್ಕೆ ನಿಜ, ಅದಕ್ಕೇ ಒಳ್ಳೇ ಎಲ್‌ಎಫ್‌ಪಿ ಪ್ಯಾಕ್ ಅರೆಯೋಕೆ ಕೊಡೋ ಬದಲು ರಿಫರ್ಬಿಶ್ ಮಾಡೋರಿಗೆ ಕೊಡೋದು ಜಾಣತನ. ಸಾಗಣೆಗೆ ಮುಂಚೆ ಚಾರ್ಜ್ 30% ಒಳಗೆ ಇರಲಿ.

ಮಗಳ ಆಸೆ ಬಗ್ಗೆ. ಅವರನ್ನ ತಡೀಬೇಡಿ, ಜಾಗ ಮಾತ್ರ ಬದಲಾಯಿಸಿ. ಎಂ.ಎಸ್ಸಿ ಪ್ರಾಜೆಕ್ಟಿಗೆ ಎಲ್‌ಎಫ್‌ಪಿ ರಿಪೇರಿ ಬಹಳ ಒಳ್ಳೇ ವಿಷಯ, ಡಿಪಾರ್ಟ್‌ಮೆಂಟ್ ಲ್ಯಾಬಲ್ಲಿ ಫ್ಯೂಮ್ ಹುಡ್ ಕೆಳಗೆ, ಗೈಡ್ ಕಣ್ಣೆದುರು, ಒಂದು ಸಣ್ಣ ಸೆಲ್ಲಿನ ಪುಡಿ ಸಾಕು. ಎಕ್ಸ್‌ಆರ್‌ಡಿ (ಎಕ್ಸ್‌-ರೇಯಿಂದ ಹರಳಿನ ಗುರುತು ಹಿಡಿಯೋ ಟೆಸ್ಟ್) ಮಾಡಿಸಿದ್ರೆ ಲಿಥಿಯಂ ಖಾಲಿಯಾದ ಭಾಗ ಕಬ್ಬಿಣದ ಫಾಸ್ಫೇಟ್ ಆಗಿ ಬೇರೆ ಗೆರೆ ತೋರಿಸುತ್ತೆ, ಹುಳಿ ನೀರಲ್ಲಿ ಇಟ್ಟು ತೆಗೆದ ಮೇಲೆ ಆ ಗೆರೆ ಮಾಯ ಆಗಬೇಕು. ಮಾಯ ಆಗದೆ ಉಳಿದ್ರೆ ಸಿಟ್ರಿಕ್ ಆಸಿಡ್ ಪ್ರಮಾಣ ಮತ್ತು ಇಟ್ಟ ಸಮಯ ಮೊದಲು ನೋಡೋಕೆ ಹೇಳಿ.